ಇಂಗ್ಲಿಷಿನಲ್ಲಿ ನಾಮಪದದ ಬೆನ್ನಿಗೆ ಬರುವ ಕೃದಂತ

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ ಹೋಗಿದ್ದ ವಿದ್ಯಾರ್ಥಿಯೊಬ್ಬ ಒಂದು ಸಂಜೆ ಅಧ್ಯಾಪಕರ ಕೋಣೆಯ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ವಿದ್ಯಾರ್ಥಿವೇತನದ ಅರ್ಜಿ. "ಸರ್, ಇದನ್ನು ತೆಗೆದುಕೊಳ್ಳಲಿಲ್ಲ" ಎಂದಷ್ಟೇ ಹೇಳಿದ. ಅವನ ಬಳಿಯಿದ್ದ ಸೂಚನಾಪತ್ರವನ್ನು ನಾವು ಓದಿದೆವು. ಅದರಲ್ಲಿ ಹೀಗಿತ್ತು: "ಅಪ್ಲಿಕೇಶನ್ಸ್ ರಿಸೀವ್ಡ್ ಆಫ್ಟರ್ ದಿ ಟೆಂತ್ ವಿಲ್ ನಾಟ್ ಬಿ ಕನ್ಸಿಡರ್ಡ್."

ಹುಡುಗ ಇದರ ಮೊದಲ ಭಾಗವನ್ನು ಓದಿ, 'ಹತ್ತನೆಯ ತಾರೀಕಿನ ನಂತರ ಅರ್ಜಿ ಸ್ವೀಕರಿಸುತ್ತಾರೆ' ಎಂದು ತಿಳಿದು, ಹನ್ನೊಂದರಂದು ಬೆಳಗ್ಗಿನ ಬಸ್ಸಿಗೇ ಹೊರಟಿದ್ದ. ನಿಜವಾದ ಅರ್ಥ 'ಹತ್ತರ ನಂತರ ಬಂದ ಅರ್ಜಿಗಳನ್ನು ಪರಿಗಣಿಸುವುದಿಲ್ಲ' ಎಂದು. ಆ ವಾಕ್ಯದ ಒಂದೊಂದು ಪದವೂ ಅವನಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಪದಗಳ ಕೂಡಿಕೆ. ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್ ಎಂದು ವರ್ಷವಿಡೀ ಬಾಯಿಪಾಠ ಮಾಡಿಸಿದ ನಾವು ಇದೊಂದನ್ನು ಬಿಡಿಸಿ ಹೇಳಿರಲಿಲ್ಲ. ಆ ಬಾಕಿಯನ್ನು ಈ ಲೇಖನದಲ್ಲಿ ತೀರಿಸುತ್ತಿದ್ದೇವೆ. ಇಂಗ್ಲಿಷ್ ವಾಕ್ಯಗಳನ್ನು ಉಚ್ಚಾರದಂತೆ ಕನ್ನಡ ಅಕ್ಷರಗಳಲ್ಲೇ ಕೊಟ್ಟಿದ್ದೇವೆ. ಅವುಗಳನ್ನು ನೋಟುಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳುವುದು ನಿಮ್ಮ ಮೊದಲ ಅಭ್ಯಾಸ.

ನಮ್ಮ ಕ್ರಮ, ಅವರ ಕ್ರಮ

'ಮರದ ಕೆಳಗೆ ನಿಂತಿರುವ ಹುಡುಗ' ಎನ್ನುತ್ತೇವೆ ನಾವು. ಹುಡುಗ ಯಾರೆಂಬ ವಿವರಣೆಯೆಲ್ಲ ಮೊದಲು ಬಂದು, ಕೊನೆಯಲ್ಲಿ ಹುಡುಗ ಬರುತ್ತಾನೆ. ಧಾತುವಿಗೆ ಕೃತ್ ಪ್ರತ್ಯಯ ಸೇರಿ ಆಗುವ ಓಡುವ, ಓಡಿದ, ಓಡದ ಎಂಬ ರೂಪಗಳನ್ನು ವ್ಯಾಕರಣ ಪಾಠದಲ್ಲಿ ನೀವು ಓದಿದ್ದೀರಿ. ಇವು ಯಾವಾಗಲೂ ನಾಮಪದಕ್ಕೆ ಮೊದಲೇ ನಿಲ್ಲುತ್ತವೆ. ಮನೆಯಲ್ಲಿ ತುಳು ಆಡುವವರು 'ಬತ್ತಿನ ಜನ' ಎನ್ನುತ್ತಾರೆ. ಪೇಟೆಯಲ್ಲಿ ಕೇಳುವ ಮಲಯಾಳದಲ್ಲಿ 'ವನ್ನ ಆಳ್'. ಎರಡರಲ್ಲೂ ಕ್ರಮ ನಮ್ಮದೇ. ಆದುದರಿಂದ ಕಾಸರಗೋಡಿನ ಮಕ್ಕಳಿಗೆ ಮೂರು ಭಾಷೆ ಬಂದರೂ ಈ ವಿಷಯದಲ್ಲಿ ಒಂದೂ ನೆರವಿಗೆ ಬರುವುದಿಲ್ಲ.

ಇಂಗ್ಲಿಷಿನಲ್ಲಿ ಹುಡುಗ ಮೊದಲು, ವಿವರಣೆ ಆಮೇಲೆ: "ದಿ ಬಾಯ್ ಸ್ಟ್ಯಾಂಡಿಂಗ್ ಅಂಡರ್ ದಿ ಟ್ರೀ." 'ಹೂ ಈಸ್' ಎಂಬ ಎರಡು ಪದಗಳನ್ನು ನಡುವೆ ಸೇರಿಸಿ "ದಿ ಬಾಯ್ ಹೂ ಈಸ್ ಸ್ಟ್ಯಾಂಡಿಂಗ್" ಎಂದರೂ ಅರ್ಥ ಅದೇ. ದಿನಬಳಕೆಯಲ್ಲಿ ಆ ಎರಡು ಪದಗಳನ್ನು ಬಿಟ್ಟುಬಿಡುತ್ತಾರೆ, ಅಷ್ಟೆ.

ಈ ತಿರುವುಮುರುವು ನಮ್ಮನ್ನು ಮಾತ್ರ ಕಾಡಿದ್ದಲ್ಲ. ಜರ್ಮನಿಯಿಂದ ಬಂದು ಕನ್ನಡ ಕಲಿತ ಕಿಟ್ಟೆಲರು 1903ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ತಮ್ಮ ಕನ್ನಡ ವ್ಯಾಕರಣದಲ್ಲಿ ನಮ್ಮ 'ಮಾಡಿದ', 'ಮಾಡುವ' ರೂಪಗಳನ್ನು ರಿಲೇಟಿವ್ ಪಾರ್ಟಿಸಿಪಲ್ ಎಂದು ಕರೆದರು. ಇಂಗ್ಲಿಷಿನಲ್ಲಿ 'ಹೂ', 'ವಿಚ್' ಎಂಬ ಸಂಬಂಧಸೂಚಕ ಪದಗಳಿಂದ ನಡೆಯುವ ಕೆಲಸವನ್ನು ಕನ್ನಡದಲ್ಲಿ ಈ ಒಂದೇ ರೂಪ ನಡೆಸುತ್ತದೆ.

ಮಾಡುವವನೋ, ಮಾಡಲ್ಪಟ್ಟದ್ದೋ?

ಕನ್ನಡದ 'ಬರೆದ' ಎಂಬ ಪದ ಬಹಳ ಉದಾರಿ. ಪತ್ರ ಬರೆದ ಹುಡುಗ, ಹುಡುಗ ಬರೆದ ಪತ್ರ, ಪತ್ರ ಬರೆದ ಪೆನ್ನು, ಪತ್ರ ಬರೆದ ದಿನ – ಎಲ್ಲಕ್ಕೂ ಅದು ಒದಗುತ್ತದೆ. ಇಂಗ್ಲಿಷ್ ಇಲ್ಲಿ ಬಿಗಿ. ಅದು ಮೊದಲು ಕೇಳುವ ಪ್ರಶ್ನೆ: ನಾಮಪದವು ಕೆಲಸ ಮಾಡುವಂಥದೋ, ಕೆಲಸಕ್ಕೆ ಒಳಗಾದದ್ದೋ?

ಮಾಡುವಂಥದಾದರೆ 'ಇಂಗ್' ರೂಪ. "ದಿ ಗರ್ಲ್ ರೈಟಿಂಗ್ ದಿ ಲೆಟರ್" ಎಂದರೆ ಪತ್ರ ಬರೆಯುತ್ತಿರುವ ಹುಡುಗಿ. ಒಳಗಾದದ್ದಾದರೆ ಕ್ರಿಯಾಪದದ ಮೂರನೆಯ ರೂಪ. "ದಿ ಲೆಟರ್ ರಿಟನ್ ಬೈ ದಿ ಗರ್ಲ್" ಎಂದರೆ ಹುಡುಗಿ ಬರೆದ ಪತ್ರ. ನಮ್ಮ ಮಕ್ಕಳು "ದಿ ಗರ್ಲ್ ರಿಟನ್ ದಿ ಲೆಟರ್" ಎಂದು ಬರೆಯುವುದುಂಟು, ಅದು ತಪ್ಪು. ಬರೆದು ಮುಗಿಸಿದ ಹುಡುಗಿಯನ್ನು ಹೇಳಬೇಕಾದರೆ "ದಿ ಗರ್ಲ್ ಹೂ ರೋಟ್ ದಿ ಲೆಟರ್" ಎಂದು 'ಹೂ' ಸೇರಿಸಲೇಬೇಕು. ನಿನ್ನೆ ಗಾಜು ಒಡೆದ ಹುಡುಗನಿಗೂ "ಬ್ರೇಕಿಂಗ್" ಸಲ್ಲದು; "ಹೂ ಬ್ರೋಕ್" ಬೇಕು. ಇನ್ನು ಪತ್ರ ಬರೆದ ಪೆನ್ನಿಗೆ "ದಿ ಪೆನ್ ವಿತ್ ವಿಚ್ ಶಿ ರೋಟ್" ಎನ್ನಬೇಕು. ಅಲ್ಲಿ ಬರಿಯ ಕೃದಂತ ಸಾಲದು.

'ಇಂಗ್' ಎಂದೊಡನೆ 'ಈಗ ನಡೆಯುತ್ತಿದೆ' ಎಂದೂ ತಿಳಿಯಬೇಡಿ. "ದಿ ರೋಡ್ ಲೀಡಿಂಗ್ ಟು ಮ್ಯಾಂಗಳೂರ್" ಎಂದರೆ ಮಂಗಳೂರಿಗೆ ಹೋಗುವ ರಸ್ತೆ. ರಸ್ತೆ ಎಂದೆಂದೂ ಅಲ್ಲಿಗೇ ಹೋಗುತ್ತದೆ. "ಎ ಬಾಕ್ಸ್ ಕಂಟೇನಿಂಗ್ ಬುಕ್ಸ್" ಎಂದರೆ ಪುಸ್ತಕಗಳಿರುವ ಪೆಟ್ಟಿಗೆ.

ಕಾಲಭೇದಕ್ಕೆ ಒಂದು ಸೇತುವೆಯನ್ನೇ ನೋಡಿ. "ದಿ ಬ್ರಿಜ್ ಬಿಲ್ಟ್ ಹಿಯರ್" ಇಲ್ಲಿ ಕಟ್ಟಿದ ಸೇತುವೆ. "ದಿ ಬ್ರಿಜ್ ಬೀಯಿಂಗ್ ಬಿಲ್ಟ್ ಹಿಯರ್" ಕಟ್ಟುತ್ತಿರುವ ಸೇತುವೆ. "ದಿ ಬ್ರಿಜ್ ಟು ಬಿ ಬಿಲ್ಟ್ ಹಿಯರ್" ಮುಂದೆ ಕಟ್ಟಲಿರುವ ಸೇತುವೆ. ಮೊದಲನೆಯದರ ಮೇಲೆ ನಡೆಯಬಹುದು, ಉಳಿದೆರಡರ ಮೇಲೆ ಕಾಲಿಡಬಾರದು! ನಮ್ಮ ನಿಷೇಧ ರೂಪಕ್ಕೆ, ಅಂದರೆ 'ಓಡದ', 'ತಾರದ' ಎಂಬವುಗಳಿಗೆ, ಇಂಗ್ಲಿಷಿನಲ್ಲಿ ಪ್ರತ್ಯಯವಿಲ್ಲ. ಕೃದಂತದ ಮೊದಲು 'ನಾಟ್' ಬರುತ್ತದೆ: "ಪ್ಯುಪಿಲ್ಸ್ ನಾಟ್ ವೇರಿಂಗ್ ಯೂನಿಫಾರ್ಮ್", ಸಮವಸ್ತ್ರ ಧರಿಸದ ವಿದ್ಯಾರ್ಥಿಗಳು.

ನಿಜವಾದ ಕ್ರಿಯಾಪದ ಎಲ್ಲಿ?

ಈಗ ಆ ಹುಡುಗ ಎಡವಿದ ಜಾಗಕ್ಕೆ ಬರೋಣ. 'ರಿಟನ್', 'ಸೀನ್' ಮುಂತಾದವುಗಳಲ್ಲಿ ಎರಡನೆಯ ರೂಪ ಬೇರೆ, ಮೂರನೆಯದು ಬೇರೆ, ಮೋಸವಿಲ್ಲ. ಆದರೆ 'ರಿಸೀವ್ಡ್', 'ಸೆಲೆಕ್ಟೆಡ್', 'ಸೆಂಟ್', 'ಮೇಡ್' ಇವುಗಳಲ್ಲಿ ಎರಡೂ ಒಂದೇ. ಹೀಗಾಗಿ ಕೃದಂತವನ್ನು ಕಂಡು ವಾಕ್ಯದ ಕ್ರಿಯಾಪದವೆಂದು ಭ್ರಮಿಸುತ್ತೇವೆ. "ದಿ ಸ್ಟೂಡೆಂಟ್ಸ್ ಸೆಲೆಕ್ಟೆಡ್ ಫಾರ್ ದಿ ಕ್ಯಾಂಪ್ ಲೆಫ್ಟ್ ಯೆಸ್ಟರ್‌ಡೇ." ವಿದ್ಯಾರ್ಥಿಗಳು ಇಲ್ಲಿ ಯಾರನ್ನೂ ಆರಿಸಲಿಲ್ಲ. ಶಿಬಿರಕ್ಕೆ ಆಯ್ಕೆಯಾದ ವಿದ್ಯಾರ್ಥಿಗಳು ನಿನ್ನೆ ಹೊರಟರು.

ಪರೀಕ್ಷೆಗೆ ಎರಡು ಉಪಾಯಗಳಿವೆ. ಒಂದು, ವಾಕ್ಯವನ್ನು ಪೂರ್ಣವಿರಾಮದವರೆಗೂ ಓದಿರಿ. ಮುಂದೆ ಇನ್ನೊಂದು ಕ್ರಿಯಾಪದ ಸಿಕ್ಕರೆ ಮೊದಲನೆಯದರ ಮೇಲೆ ಸಂಶಯಪಡಿರಿ. ಎರಡು, ಸಂಶಯ ಬಂದ ಪದದ ಮೊದಲು 'ಹೂ ವರ್' ಅಥವಾ 'ವಿಚ್ ವರ್' ಸೇರಿಸಿ ನೋಡಿರಿ. ಅರ್ಥ ಕೂಡಿಬಂದರೆ ಅದು ಕೃದಂತ. "ಅಪ್ಲಿಕೇಶನ್ಸ್ ವಿಚ್ ವರ್ ರಿಸೀವ್ಡ್" ಸರಿಹೊಂದುತ್ತದೆ. ಹಾಗಾದರೆ ನಿಜವಾದ ಕ್ರಿಯಾಪದ "ವಿಲ್ ನಾಟ್ ಬಿ ಕನ್ಸಿಡರ್ಡ್" ಎಂಬುದೇ.

ಹತ್ತನೆಯ ತರಗತಿ ಕಳೆದ ಮೇಲೆ ನಿಮ್ಮಲ್ಲಿ ಹೆಚ್ಚಿನವರು ಗಣಿತ, ವಿಜ್ಞಾನಗಳನ್ನು ಇಂಗ್ಲಿಷಿನಲ್ಲೇ ಓದುವವರು. ಅಲ್ಲಿ ಇಂಥ ವಾಕ್ಯಗಳು ಹೆಜ್ಜೆಹೆಜ್ಜೆಗೂ ಇವೆ. "ಎ ಸ್ಟೋನ್ ಡ್ರಾಪ್ಡ್ ಫ್ರಮ್ ಎ ಟವರ್ ರೀಚಸ್ ದಿ ಗ್ರೌಂಡ್ ಇನ್ 3 ಸೆಕೆಂಡ್ಸ್." ಗೋಪುರದಿಂದ ಬಿಟ್ಟ ಕಲ್ಲು 3 ಸೆಕೆಂಡುಗಳಲ್ಲಿ ನೆಲ ಮುಟ್ಟುತ್ತದೆ. ಗುರುತ್ವ ವೇಗೋತ್ಕರ್ಷ 9.8 ಎಂದು ಹಿಡಿದರೆ ಗೋಪುರದ ಎತ್ತರ 44.1 ಮೀಟರ್. ಲೆಕ್ಕ ನಿಮಗೆ ಬರುತ್ತದೆ. ಅದು ಕೈತಪ್ಪಿದರೆ 'ಡ್ರಾಪ್ಡ್' ಎಂಬಲ್ಲಿ ತಪ್ಪೀತು.

ನಿಲ್ಲುವ ಸ್ಥಾನ

ಕೃದಂತ ಒಂಟಿಯಾಗಿದ್ದರೆ ಸಾಮಾನ್ಯವಾಗಿ ನಾಮಪದದ ಮೊದಲು ನಿಲ್ಲುತ್ತದೆ: "ಎ ಬ್ರೋಕನ್ ಚೇರ್." ತನ್ನ ಪರಿವಾರದೊಂದಿಗೆ ಬಂದರೆ ನಾಮಪದದ ಬೆನ್ನಿಗೆ: "ಎ ಚೇರ್ ಬ್ರೋಕನ್ ಬೈ ದಿ ಚಿಲ್ಡ್ರನ್." ಹಾಗೆ ಬಂದಾಗ ತನ್ನ ನಾಮಪದಕ್ಕೆ ಅಂಟಿಕೊಂಡೇ ಇರಬೇಕು. ಎಂಟನೆಯ ತರಗತಿಯ ಒಂದು ಉತ್ತರಪತ್ರಿಕೆಯಲ್ಲಿ "ಐ ಸಾ ಎ ಸ್ನೇಕ್ ಗೋಯಿಂಗ್ ಟು ಸ್ಕೂಲ್" ಎಂಬ ವಾಕ್ಯವಿತ್ತು. ಹೀಗೆ ಬರೆದರೆ ಶಾಲೆಗೆ ಹೊರಟದ್ದು ಹಾವು! ಬರೆದವರು ಹೇಳಬೇಕೆಂದಿದ್ದುದು "ಗೋಯಿಂಗ್ ಟು ಸ್ಕೂಲ್, ಐ ಸಾ ಎ ಸ್ನೇಕ್" ಎಂದು.

ಅಭ್ಯಾಸ

ಕೆಳಗಿನ ವಾಕ್ಯಗಳಲ್ಲಿ ಕೃದಂತಕ್ಕೆ ಒಂದು ಗೆರೆ, ನಿಜವಾದ ಕ್ರಿಯಾಪದಕ್ಕೆ ಎರಡು ಗೆರೆ ಎಳೆದು ಕನ್ನಡಕ್ಕೆ ಅನುವಾದಿಸಿರಿ.

1. ಗೂಡ್ಸ್ ಸೋಲ್ಡ್ ವಿಲ್ ನಾಟ್ ಬಿ ಟೇಕನ್ ಬ್ಯಾಕ್.
2. ಪ್ಯಾಸೆಂಜರ್ಸ್ ಟ್ರಾವೆಲಿಂಗ್ ವಿದೌಟ್ ಟಿಕೆಟ್ ವಿಲ್ ಬಿ ಫೈನ್ಡ್.
3. ದಿ ಮೆಡಿಸಿನ್ ಸೆಂಟ್ ಬೈ ದಿ ಡಾಕ್ಟರ್ ಕೇಮ್ ಲೇಟ್.
4. ಸ್ಟೂಡೆಂಟ್ಸ್ ನಾಟ್ ಹ್ಯಾವಿಂಗ್ ಹಾಲ್ ಟಿಕೆಟ್ಸ್ ಕೆನಾಟ್ ರೈಟ್ ದಿ ಎಕ್ಸಾಮಿನೇಷನ್.
5. ದಿ ಹೌಸ್ ಬೀಯಿಂಗ್ ಪೇಂಟೆಡ್ ಬಿಲಾಂಗ್ಸ್ ಟು ಮೈ ಅಂಕಲ್.

ರೈಲುನಿಲ್ದಾಣ, ಬ್ಯಾಂಕು, ಔಷಧದ ಅಂಗಡಿ, ಕೈಯಲ್ಲಿನ ಮೊಬೈಲು – ಎಲ್ಲೇ ಇಂಗ್ಲಿಷ್ ಸೂಚನೆ ಕಂಡರೂ ಇದೇ ರೀತಿ ಗೆರೆಯೆಳೆದು ನೋಡುವ ಅಭ್ಯಾಸ ಮಾಡಿರಿ. ದಿನಕ್ಕೊಂದು ವಾಕ್ಯವಾದರೂ ಸಾಕು.

ಆ ವಿದ್ಯಾರ್ಥಿಗೆ ಆ ವರ್ಷದ ವಿದ್ಯಾರ್ಥಿವೇತನ ತಪ್ಪಿತು. ಮರುವರ್ಷ ಅವನು ಒಂಬತ್ತರಂದೇ ಅರ್ಜಿ ಕೊಟ್ಟು, ಹಿಂತಿರುಗುವ ದಾರಿಯಲ್ಲಿ ಶಾಲೆಗೆ ಬಂದು ಹೇಳಿ ಹೋದ. ನಿಮ್ಮಲ್ಲಿ ಯಾರೂ ಒಂದು ವರ್ಷ ಕಾಯುವಂತಾಗಬಾರದೆಂದೇ ನಾವು ಇಷ್ಟನ್ನು ಬರೆದಿದ್ದೇವೆ.