ನೀಲಿ ಅಕ್ಷರ ಒತ್ತುವ ಮುನ್ನ

7 ವರ್ಷ ದಾಟಿದವರು ಯಾವುದಾದರೂ ಒಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಿ ಬರೆಯಬಲ್ಲರಾದರೆ ಜನಗಣತಿಯ ಲೆಕ್ಕದಲ್ಲಿ ಅಕ್ಷರಸ್ಥರು. ಮೊಬೈಲ್ ಓದಿಗೆ ಇಷ್ಟು ಸಾಲದೆಂದು ನನಗೆ ತಿಳಿದದ್ದು ಪಂಪನ ಪಾಠಕ್ಕೆ ಸಿದ್ಧತೆ ಮಾಡುವಾಗ.

'ಪುಲಿಗೆರೆ' ಎಂದು ಹುಡುಕಿದೆ. ಅದು ನಮ್ಮ ಲಕ್ಷ್ಮೇಶ್ವರದ ಹಳೆಯ ಹೆಸರು. 10ನೆಯ ಶತಮಾನದ ಪಂಪ ತನ್ನ ಕಾವ್ಯದ ಕನ್ನಡ ಅಲ್ಲಿಯದೆಂದು ಹೇಳಿಕೊಂಡಿದ್ದಾನೆ. ಊರಿನಿಂದ ಪಂಪ, ಪಂಪನಿಂದ ಅರಿಕೇಸರಿ, ಅವನಿಂದ ತೆಲಂಗಾಣದ ವೇಮುಲವಾಡ. ನೀಲಿ ಅಕ್ಷರ ಒತ್ತುತ್ತಾ ಹೋದೆ. ಅರ್ಧ ಗಂಟೆ ಕಳೆದ ಮೇಲೆ, ಯಾವ ಪ್ರಶ್ನೆ ಹಿಡಿದು ಹೊರಟಿದ್ದೆನೋ ಅದೇ ಮರೆತಿತ್ತು.

ಹೀಗೆ ಕೊಂಡಿಗಳಿಂದ ಹೆಣೆದ ಬರಹಕ್ಕೆ ಹೈಪರ್‌ಟೆಕ್ಸ್ಟ್ ಎಂದು 1965ರಲ್ಲಿ ಹೆಸರಿಟ್ಟವರು ಅಮೆರಿಕದ ಟೆಡ್ ನೆಲ್ಸನ್. ಈ ಬಗೆಯ ಓದು ನಮಗೆ ತೀರಾ ಹೊಸದೇನಲ್ಲ. ಅರಬ್ಬಿ, ಉರ್ದು ಕಿತಾಬುಗಳಲ್ಲಿ ನಡುವೆ ಮೂಲ, ಅಂಚಿನಲ್ಲಿ ಹಾಶಿಯಾ ಇರುತ್ತದೆ. ಆದರೆ ಅಲ್ಲಿ ಕಣ್ಣು ಅಂಚಿಗೆ ಹೋದರೂ ಮೂಲ ಎದುರಿಗೇ ಇರುತ್ತದೆ. ಫೋನಿನಲ್ಲಿ ಪುಟವೇ ಬದಲಾಗಿಬಿಡುತ್ತದೆ.

ಇದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರ ಗುಡಿಯಿದೆ, ಶಂಖ ಬಸದಿಯಿದೆ, ಆದಿಲ್‌ಶಾಹಿ ಕಾಲದ ಜುಮ್ಮಾ ಮಸೀದಿಯಿದೆ. ಪುಟ ಬರೆದವರು ಒಂದಕ್ಕೆ ಮಾತ್ರ ಕೊಂಡಿ ಕೊಟ್ಟರೆ, ಊರು ಕಾಣದ ಓದುಗನಿಗೆ ಉಳಿದೆರಡು ಇಲ್ಲವೇ ಇಲ್ಲ. ಬರೆದದ್ದರಲ್ಲಿ ಒಂದು ಸುಳ್ಳೂ ಇರಲಿಕ್ಕಿಲ್ಲ. ಆದರೂ ಊರು ತಪ್ಪಾಗಿ ಕಾಣುತ್ತದೆ. ಬರೆದವರು ಯಾರು, ಏನನ್ನು ಬಿಟ್ಟರು ಎಂದು ಕೇಳಲು ಬಾರದವರನ್ನು ಅಕ್ಷರಸ್ಥರೆನ್ನಲು ನಾನಂತೂ ಹಿಂಜರಿಯುತ್ತೇನೆ.

ಈಗ ಫೋನ್ ತೆಗೆಯುವ ಮೊದಲೇ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಅದರ ಕೆಳಗೆ, ಒತ್ತಿದ ಕೊಂಡಿಗಳನ್ನು ಒಂದೊಂದಾಗಿ. ಪ್ರಥಮ ಪಿಯುಸಿಯವರಿಗೂ ಹಾಗೇ ಮಾಡಲು ಹೇಳಿದ್ದೇನೆ. ಮೊದಲ ಪದ ಅವರವರ ಊರಿನ ಹೆಸರು.