ಆರು ಗಾಲಿಯ ಬಂಡಿ: ನೀರಿಗಿಳಿಯುವ ಮುನ್ನ ನೆಲದಲ್ಲಿ ಕೈ ಪಳಗಲಿ

ಕೆನಡಾದ ಒಂಟಾರಿಯೋ ಪ್ರಾಂತ್ಯದ ಎಷ್ಟೋ ಜಮೀನುಗಳಲ್ಲಿ ಹಿತ್ತಲ ಕಡೆಯ ಮೂಲೆ ಜವುಗಾಗಿರುತ್ತದೆ. ಬೀವರ್‌ಗಳು ತೊರೆಗೆ ಅಡ್ಡ ಕಟ್ಟೆ ಕಟ್ಟಿ ನಿಲ್ಲಿಸಿದ ನೀರು, ಕಾಲಿಟ್ಟರೆ ಮೊಣಕಾಲುದ್ದ ಹೂತುಹೋಗುವ ಹುದುಲು, ಹಿಮ ಕರಗುವ ಕಾಲದಲ್ಲಿ ಇನ್ನಷ್ಟು ಕೆಸರು. ಟ್ರ್ಯಾಕ್ಟರ್ ಹೋಗದ, ದೋಣಿಯೂ ತೇಲದ ಇಂಥ ಜಾಗಕ್ಕೆಂದೇ ಹುಟ್ಟಿದ್ದು ಆರು ಗಾಲಿಯ ಉಭಯಚರ ಬಂಡಿ. 1960ರ ದಶಕದಲ್ಲಿ ಕೆನಡಾದಲ್ಲಿ ಬಂದ ಜಿಗರ್ ಈ ಬಗೆಯ ಮೊದಮೊದಲ ಬಂಡಿಗಳಲ್ಲೊಂದು. ಅದೇ ದಶಕದಲ್ಲಿ ಒಂಟಾರಿಯೋದ ನ್ಯೂ ಹ್ಯಾಂಬರ್ಗ್‌ನಲ್ಲಿ ಶುರುವಾದ ಆರ್ಗೋ ಇಂದಿಗೂ ತಯಾರಾಗುತ್ತಿದೆ. ಅಮೆರಿಕದ ಬಫಲೋದ ಹಳೆಯ ಮ್ಯಾಕ್ಸ್ ಬಂಡಿಗಳು ಈಗಲೂ ಕೈಯಿಂದ ಕೈಗೆ ದಾಟುತ್ತಿವೆ. ಒಂಟಾರಿಯೋದಲ್ಲಿ ನೆಲೆಸಿ ಜಮೀನು ಮಾಡಿಕೊಂಡ ಕನ್ನಡಿಗರು ಇಂಥ ಬಂಡಿಯನ್ನು ಮೊದಲ ಸಲ ಮನೆಗೆ ತಂದರೆ ತಿಳಿದಿರಲಿ ಎಂದು ಈ ಮಾತುಗಳು.

ಊರಿನಲ್ಲಿ ಪವರ್ ಟಿಲ್ಲರ್ ಹಿಡಿದವರಿಗೆ ಇದರ ತಿರುವು ಬೇಗ ಅರ್ಥವಾಗುತ್ತದೆ. ಟಿಲ್ಲರಿನಲ್ಲಿ ಎಡಗೈ ಕ್ಲಚ್ ಒತ್ತಿದರೆ ಎಡ ಚಕ್ರಕ್ಕೆ ಹೋಗುವ ಬಲ ತಪ್ಪಿ ಯಂತ್ರ ಎಡಕ್ಕೆ ಹೊರಳುತ್ತದೆ. ಈ ಬಂಡಿಯಲ್ಲೂ ಮುಂದಿನ ಗಾಲಿ ಕಾರಿನಂತೆ ಪಕ್ಕಕ್ಕೆ ಹೊರಳುವುದಿಲ್ಲ. ಒಂದು ಪಕ್ಕದ ಮೂರೂ ಗಾಲಿಗಳನ್ನು ತಡೆದಾಗ ಇನ್ನೊಂದು ಪಕ್ಕದವು ಓಡಿ ಬಂಡಿ ತಿರುಗುತ್ತದೆ. ಅಂದರೆ ಪ್ರತಿ ತಿರುವಿನಲ್ಲೂ ಟೈರುಗಳು ನೆಲದ ಮೇಲೆ ಅಡ್ಡಡ್ಡ ಉಜ್ಜಿಕೊಂಡೇ ಹೋಗಬೇಕು. ಹಸಿ ಹುಲ್ಲಿನಲ್ಲಿ ಇದು ಸಲೀಸು. ಕಾಂಕ್ರೀಟಿನ ಮೇಲೆ ನಿಂತಲ್ಲೇ ತಿರುಗಿಸಿದರೆ ಚೈನು, ಆಕ್ಸಲ್ಲುಗಳ ಮೇಲೆ ವಿಪರೀತ ಎಳೆತ ಬೀಳುತ್ತದೆ. ಹೊಸಬರು ಗಾಲಿ ತಡೆಯುವ ಹ್ಯಾಂಡಲನ್ನು ಒಂದೇ ಸಮನೆ ಒತ್ತಿ ಹಿಡಿದು ಬ್ರೇಕು ಕಾಯಿಸುವುದೂ ಇಲ್ಲೇ. ಬಂಡಿ ನಿಧಾನವಾಗಿ ಚಲಿಸುತ್ತಿರುವಾಗ, ಸ್ವಲ್ಪ ಒತ್ತಿ, ಬಿಟ್ಟು, ಮತ್ತೆ ಒತ್ತಿ ತಿರುಗಿಸಬೇಕು. ಈ ಹದ ಕೈಗೆ ಹತ್ತುವವರೆಗೆ ನೀರಿನ ಹತ್ತಿರ ಹೋಗಬೇಡಿ. ನಾಲ್ಕು ದಿನ ತಡವಾದರೆ ಏನೂ ನಷ್ಟವಿಲ್ಲ.

ಟೈರಿನ ಗಾಳಿಯ ವಿಷಯದಲ್ಲಿ ಕಾರಿನ ಲೆಕ್ಕ ಮರೆತುಬಿಡಿ. ಕಾರಿಗೆ 30 ಪಿಎಸ್‌ಐ ಮೇಲೆ ಹಾಕುತ್ತೇವೆ. ಇಲ್ಲಿ ಎರಡು, ಮೂರು ಪಿಎಸ್‌ಐ ಸಾಕು. ಬಹುಪಾಲು ಬಂಡಿಗಳಲ್ಲಿ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಇರುವುದಿಲ್ಲ, ಮೆತ್ತನೆಯ ಟೈರೇ ಆ ಕೆಲಸ ಮಾಡುತ್ತದೆ. ಪೆಟ್ರೋಲ್ ಬಂಕಿನ ಗೇಜು ಇಷ್ಟು ಕಡಿಮೆ ಗಾಳಿಯನ್ನು ಸರಿಯಾಗಿ ತೋರಿಸದು, ಕಡಿಮೆ ಒತ್ತಡದ ಗೇಜೊಂದನ್ನು ಬೇರೆ ಇಟ್ಟುಕೊಳ್ಳಿ. ಒಂದು ಪಕ್ಕದ ಮೂರು ಗಾಲಿಗಳೂ ಚೈನಿನಿಂದ ಒಂದಕ್ಕೊಂದು ಬಿಗಿದಿರುತ್ತವೆ. ಒಂದರಲ್ಲಿ ಗಾಳಿ ಇಳಿದು ಸುತ್ತಳತೆ ಕಡಿಮೆಯಾದರೆ ಗಾಲಿಗಳು ಪರಸ್ಪರ ಎಳೆದಾಡಿ ಚೈನು ಸವೆಯುತ್ತದೆ. ಬಂಡಿ ಒಂದು ಕಡೆಗೇ ವಾಲಿ ಹೋಗುತ್ತಿದ್ದರೆ ಮೊದಲು ನೋಡಬೇಕಾದ್ದು ಗಾಳಿಯನ್ನೇ.

ಇನ್ನು ನೀರು. ಬಂಡಿ ತೇಲುವುದು ಅದರ ತೊಟ್ಟಿಯಂಥ ಪ್ಲಾಸ್ಟಿಕ್ ಒಡಲು ಮತ್ತು ದಪ್ಪ ಟೈರುಗಳ ಬಲದಿಂದ. ತಳದ ಹರವು 2 ಚದರ ಮೀಟರ್ ಎಂದು ಹಿಡಿಯಿರಿ. 100 ಕೆ.ಜಿ. ಹೇರಿದರೆ ಅದು ಸುಮಾರು 5 ಸೆಂ.ಮೀ. ಹೆಚ್ಚು ಮುಳುಗುತ್ತದೆ. ಹೊರಗಿನ ನೀರು ಒಳಗೆ ಬಂದರೂ ಅದೇ ಲೆಕ್ಕ, ಅದಕ್ಕಿಂತ ಕೆಟ್ಟದ್ದು: ಹೊರೆ ಇಟ್ಟಲ್ಲಿ ಇರುತ್ತದೆ, ನೀರು ಬಂಡಿ ವಾಲಿದ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತದೆ. ತಳದಲ್ಲಿ ನೀರು ಬಸಿಯಲು ಇರುವ ಬಿರಡೆಯನ್ನು ಹಾಕಲು ಮರೆತು ಕೆರೆಗಿಳಿಯುವುದಕ್ಕಿಂತ ದೊಡ್ಡ ತಪ್ಪಿಲ್ಲ.

ಇಳಿಜಾರು ಸೌಮ್ಯವಾಗಿರುವ ಕಡೆ ಮೂತಿ ಮುಂದಾಗಿ, ನೇರವಾಗಿ, ನಿಧಾನವಾಗಿ ಇಳಿಸಿ. ಅಡ್ಡಡ್ಡ ಇಳಿಸಲೇಬೇಡಿ. ನೀರಿನಲ್ಲಿ ಟೈರಿನ ಗೀರುಗಳೇ ಹುಟ್ಟು, ಹಾಗಾಗಿ ವೇಗ ನಡಿಗೆಯಷ್ಟೇ. ಎದುರುಗಾಳಿ ಬಲವಾಗಿದ್ದರೆ ಅಷ್ಟೂ ಇಲ್ಲ. ಹರಿಯುವ ಹೊಳೆ ಇದಕ್ಕೆ ಹೇಳಿದ್ದಲ್ಲ. ಅಪಾಯ ಹೆಚ್ಚಿರುವುದು ದಡ ಹತ್ತುವಾಗ. ದಡ ಕಡಿದಾಗಿದ್ದರೆ ಮೂತಿ ಮೇಲೆದ್ದು ಹಿಂಭಾಗ ತಗ್ಗಿ ನೀರು ಒಳಗೆ ನುಗ್ಗುತ್ತದೆ. ಹಿಂದಿನ ಸಾಮಾನನ್ನು ಮುಂದಕ್ಕೆ ತನ್ನಿ, ಆಗದಿದ್ದರೆ ಬೇರೆ ದಡ ಹುಡುಕಿ. ಎಷ್ಟು ಜನ ಕೂತಿದ್ದಾರೋ ಅಷ್ಟು ಲೈಫ್ ಜಾಕೆಟ್ ಮೈಮೇಲಿರಲಿ, ಸೀಟಿನ ಕೆಳಗಲ್ಲ.

ನೀರಿನಿಂದ ಬಂದ ದಿನ ಗ್ರೀಸ್ ಗನ್ ಹಿಡಿಯದೆ ಮಲಗಬೇಡಿ. ಓಡಿ ಬಿಸಿಯಾದ ಬೇರಿಂಗು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಹೊಸ ಗ್ರೀಸು ತುಂಬಿ ಆ ನೀರನ್ನು ಹೊರದಬ್ಬಬೇಕು. ಬಿರಡೆ ತೆಗೆದು ಒಡಲಿನ ನೀರು ಬಸಿಯಿರಿ. ಒಂಟಾರಿಯೋದ ಚಳಿಯಲ್ಲಿ ಒಳಗೆ ಉಳಿದ ನೀರು ರಾತ್ರಿ ಕಳೆಯುವುದರಲ್ಲಿ ಹೆಪ್ಪುಗಟ್ಟಿ ಚೈನುಗಳನ್ನು ಹಿಡಿದುಬಿಡುತ್ತದೆ. ಬೆಳಿಗ್ಗೆ ಅದನ್ನು ತಿಳಿಯದೆ ಗೇರು ಹಾಕಿದರೆ ಮುರಿಯುವುದು ನಿಮ್ಮ ಯಂತ್ರವೇ.

ಹಳೆಯದನ್ನು ಕೊಳ್ಳುವವರು ಹೊರಗಿನ ಬಣ್ಣ ನೋಡದೆ ಒಳಗಿನ ನೆಲಹಲಗೆ ಎತ್ತಿಸಿ ನೋಡಿ. ಚೈನು ಜೋತುಬಿದ್ದಿದೆಯೇ, ತುಕ್ಕು ಎಷ್ಟಿದೆ, ಗಾಲಿ ಅಲ್ಲಾಡಿಸಿದರೆ ಆಕ್ಸಲ್ ಕುಣಿಯುತ್ತದೆಯೇ, ಒಡಲು ಬಿರುಕು ಬಿಟ್ಟಿದೆಯೇ ಎಂದು ಪರೀಕ್ಷಿಸಿ. ಒಂಟಾರಿಯೋದಲ್ಲಿ ಸ್ವಂತ ಜಮೀನು ದಾಟಿ ಓಡಿಸುವುದಾದರೆ ನೋಂದಣಿ, ನಂಬರ್ ಪ್ಲೇಟ್, ವಿಮೆ, ಹೆಲ್ಮೆಟ್ ಬೇಕು.

ನಮ್ಮಲ್ಲಿ 2025ರ ಪಂಜಾಬ್ ಪ್ರವಾಹದಲ್ಲಿ ಸೈನ್ಯ ಬಳಸಿದ ಆಟೋರ್ ಎಂಬ ನಾಲ್ಕು ಗಾಲಿಯ ದೈತ್ಯ ಬಂಡಿಯನ್ನು ನೋಡಿ, ಗದ್ದೆಗೂ ಇಂಥದ್ದು ಬಂದರೆ ಎಂದು ಕೇಳುವವರಿದ್ದಾರೆ. ಅದಾಗಲಿ ಆರು ಗಾಲಿಯ ಬಂಡಿಯಾಗಲಿ ಉಳುವ ಯಂತ್ರವಲ್ಲ, ತಿರುಗುವಾಗ ಬದುವನ್ನೂ ಕಿತ್ತುಹಾಕುತ್ತದೆ. ನಮ್ಮ ಕೆಸರುಗದ್ದೆಗೆ ಟಿಲ್ಲರೇ ಸರಿ.

ಬಂಡಿ ಕೊಂಡವರಲ್ಲಿ ಒಂದು ವಿನಂತಿ. ನೀರು ಬಸಿದ ಮೇಲೆ ಆ ಬಿರಡೆಯನ್ನು ಇಗ್ನಿಷನ್ ಕೀಲಿಕೈಯ ಜೊತೆ ದಾರ ಹಾಕಿ ಕಟ್ಟಿಡಿ. ಮುಂದಿನ ಸಲ ಬಂಡಿ ಶುರು ಮಾಡಲು ಹೋದಾಗ ಬಿರಡೆಯೇ ಮೊದಲು ಕೈಗೆ ಬರುತ್ತದೆ.