ತಂಡದ ನಾಯಕನ ನಿದ್ದೆ

ಬೋಧನಾಭ್ಯಾಸದ ಮೂರನೆಯ ವಾರ. ಎಂಟು ಪ್ರಶಿಕ್ಷಣಾರ್ಥಿಗಳ ನಮ್ಮ ತಂಡಕ್ಕೆ ನಾನೇ ನಾಯಕ. ಎಲ್ಲರ ಪಾಠಯೋಜನೆ ನೋಡಿ, ನನ್ನದನ್ನೂ ಬರೆದು ಮಲಗುವಾಗ ರಾತ್ರಿ ಒಂದು ಗಂಟೆ. ಬೆಳಿಗ್ಗೆ ತಿಂಡಿ ಬಿಟ್ಟು ಓಟ. ಇದನ್ನೇ ಕರ್ತವ್ಯನಿಷ್ಠೆ ಎಂದುಕೊಂಡಿದ್ದೆ. ಒಂದು ಸಂಜೆ ಸಹಪಾಠಿಯೊಬ್ಬರು ಭಿನ್ನರಾಶಿಯ ಪಾಠಯೋಜನೆ ತೋರಿಸಲು ಬಂದಾಗ, "ಇಷ್ಟೂ ಗೊತ್ತಾಗಲ್ವಾ ಮೇಡಂ?" ಎಂದು ಸಿಡುಕಿದೆ. ಅವರು ಸುಮ್ಮನೆ ಹೋದರು.

ಮರುದಿನ ಆರನೆಯ ತರಗತಿಯಲ್ಲಿ ಅವರ ಪಾಠ. ಕಪ್ಪುಹಲಗೆಯ ಮೇಲೆ 1/2 + 1/3 = 2/5 ಎಂದು ಬಂತು. ಹಿಂದಿನ ಬೆಂಚಿನಲ್ಲಿ ಅವಲೋಕನ ಪುಸ್ತಕ ಹಿಡಿದಿದ್ದ ನನಗೆ ತೂಕಡಿಕೆ. ಮಕ್ಕಳು ಬರೆದುಕೊಂಡೂ ಆಗಿತ್ತು. ಮಾರ್ಗದರ್ಶಿ ಶಿಕ್ಷಕಿ ಎದ್ದು, ಛೇದ ಸಮಮಾಡಿಸಿ 5/6 ಎಂದು ತಿದ್ದಿಸಿದರು. ನನ್ನನ್ನು ಮಾತ್ರ, "ತಿಂಡಿ ಆಯ್ತೇನಪ್ಪಾ?" ಎಂದು ಕೇಳಿದರು. ಸಹಪಾಠಿ ಹಿಂದಿನ ಸಂಜೆ ಬಂದಿದ್ದು ಅದೇ ಹಂತದ ಸಂದೇಹ ಕೇಳಲು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 'ಬರ್ನ್‌ಔಟ್' ಎಂಬ ವೃತ್ತಿ ಬಳಲಿಕೆಗೆ ಮೂರು ಲಕ್ಷಣ ಹೇಳಿದೆ: ನಿತ್ರಾಣ, ಕೆಲಸದ ಬಗ್ಗೆ ತಾತ್ಸಾರ, ಕುಗ್ಗಿದ ಕಾರ್ಯಕ್ಷಮತೆ. ನನ್ನ ಮೂರು ವಾರದ ನಿದ್ದೆಗೇಡಿಗೆ ಅಷ್ಟು ದೊಡ್ಡ ಹೆಸರು ಬೇಡ. ಆದರೂ ಅದರ ಫಲ ಮಕ್ಕಳ ನೋಟ್‌ಬುಕ್ಕಿನಲ್ಲಿತ್ತು.

ಈಗ ಪಾಠಯೋಜನೆಗಳನ್ನು ಸಂಜೆ ಶಾಲೆಯ ಜಗಲಿಯಲ್ಲೇ ಇಬ್ಬಿಬ್ಬರಾಗಿ ನೋಡಿಕೊಳ್ಳುತ್ತೇವೆ. ಹತ್ತೂವರೆಗೆ ಮಲಗುತ್ತೇನೆ. ಸಹಪಾಠಿಯ ಕ್ಷಮೆ ಕೇಳಿದೆ. ನಾಲ್ಕನೆಯ ದಿನ ಅವರು ಮತ್ತೆ ಯೋಜನೆ ತಂದು ತೋರಿಸಿದರು.